ಕೊನೆಯ ಪಂಕ್ತಿಯ ಓಟು

ನಾನು ಮೆಚ್ಚಿದ ಸಾಮಾನು ಅಂಗಡಿಯಲ್ಲಿ ಹೆಚ್ಚು ದಿನ ಉಳಿಯುವುದಿಲ್ಲ. ಒಂದು ಹಸಿರು ಸೋಪಿಗೆ ಮೈ ಒಗ್ಗಿತು, ಮೂರು ತಿಂಗಳಿಗೆ ಕಂಪನಿ ಅದನ್ನು ನಿಲ್ಲಿಸಿತು. ಕಾಲಿಗೆ ಸರಿಯಾಗಿ ಕೂರುವ ಒಂದು ಬೂಟು ಸಿಕ್ಕಿತು, ಎರಡನೇ ಜೊತೆ ಕೊಳ್ಳಲು ಹೋದರೆ ಅಂಗಡಿಯೇ ಇರಲಿಲ್ಲ. ಹೋದ ವಾರ ಗ್ರೋಸರಿಯಲ್ಲಿ, ವರ್ಷಗಟ್ಟಲೆ ಕಾಫಿಗೆ ಅದ್ದಿ ತಿಂದ ಬಿಸ್ಕತ್ತು ಎಲ್ಲಿಟ್ಟಿದ್ದೀರಿ ಎಂದು ಕೇಳಿದೆ. ಕೌಂಟರಿನ ಹೆಂಗಸು ಕಂಪ್ಯೂಟರ್ ನೋಡಿ, ಅದು ಇನ್ನು ಬರುವುದಿಲ್ಲ ಎಂದಳು. ಹಿಂದೆ ನಿಂತಿದ್ದ ನನ್ನ ಹೆಂಡತಿ ಗಿರಿಜ, "ನಿಮ್ಮ ಕೈಗೆ ಸಿಕ್ಕಿ ಇಷ್ಟು ವರ್ಷ ಬದುಕಿದ್ದೇ ಹೆಚ್ಚು ಕಣ್ರೀ ಅದು" ಎಂದಳು.

ಮನೆಗೆ ಬಂದು, ಹೋದ ಬಿಸ್ಕತ್ತಿನ ಬಗ್ಗೆ ನಾಲ್ಕು ಮಾತು ಬರೆಯೋಣವೆಂದು ಈ ಯಂತ್ರದ ಮುಂದೆ ಕೂತೆ. ನಾನು ಎರಡೇ ಬೆರಳಲ್ಲಿ ಟೈಪು ಮಾಡುವವನು. ಮಧ್ಯೆ ಒಂದು ಒತ್ತಕ್ಷರ ಬಂದರೆ ಪಕ್ಕದ ಕಾಫಿ ಆರುತ್ತದೆ. ಇಷ್ಟು ನಿಧಾನವಾಗಿ ಬರೆಯುವವನಿಗೆ ಒಂದು ಕಷ್ಟವಿದೆ ನೋಡಿ: ಬೆರಳು ಒಂದು ಪದ ಮುಗಿಸುವುದರೊಳಗೆ ಮನಸ್ಸು ಇಪ್ಪತ್ತು ವರ್ಷ ಹಿಂದೆ ಹೋಗಿ ಕೂತಿರುತ್ತದೆ. ಬಿಸ್ಕತ್ತು ಅಲ್ಲೇ ಉಳಿಯಿತು, ನಾನು ಚುನಾವಣೆಗೆ ಬಂದೆ. ಯಾಕೆಂದರೆ ನಾನು ಮೆಚ್ಚಿದ ತಪ್ಪಿಗೆ ಕಣ್ಮರೆಯಾದವರ ಪಟ್ಟಿಯಲ್ಲಿ ಅಮೆರಿಕದ ಅಧ್ಯಕ್ಷರಾಗಲು ಹೊರಟಿದ್ದ ಇಬ್ಬರು ದೊಡ್ಡ ಮನುಷ್ಯರೂ ಇದ್ದಾರೆ.

ನಮ್ಮೂರು ಬೀರೂರು. ನಮ್ಮಪ್ಪ ಮದುವೆ ಮನೆಗಳಿಗೆ ಚಪ್ಪರ, ಶಾಮಿಯಾನ ಹಾಕುತ್ತಿದ್ದರು. ಕಂಬ ಹಿಡಿದುಕೊಳ್ಳಲು ಜನ ಬೇಕಾಗಿತ್ತು, ಆದ್ದರಿಂದ ಐದನೇ ಕ್ಲಾಸಿಗೆ ನನ್ನ ವಿದ್ಯೆ ನಿಂತಿತು. ಮತ್ತೆ ಪುಸ್ತಕ ಹಿಡಿದು ಎಸ್ಸೆಸ್ಸೆಲ್ಸಿ ಕಟ್ಟಿದಾಗ ನನಗೆ ಇಪ್ಪತ್ತೊಂಬತ್ತು. ಪರೀಕ್ಷೆಯ ಕೋಣೆಗೆ ಕಾಲಿಟ್ಟಾಗ ಮಕ್ಕಳೆಲ್ಲ ದಡಬಡ ಎದ್ದು ನಿಂತು ನಮಸ್ಕಾರ ಮಾಡಿದರು. ನಾನು ಅವರ ನಡುವೆ ಹೋಗಿ ಬೆಂಚಿನಲ್ಲಿ ಕೂತ ಮೇಲೆ ಅವರಿಗೆ ಆದ ನಿರಾಶೆಯನ್ನು ಈಗಲೂ ಮರೆತಿಲ್ಲ. ಎಂಬತ್ತರ ದಶಕದ ಆರಂಭದಲ್ಲಿ, ಕ್ಯಾಲಿಫೋರ್ನಿಯದ ಕ್ಯಾಂಪ್‌ಬೆಲ್ಲಿನಲ್ಲಿ ನರ್ಸಾಗಿದ್ದ ನನ್ನಕ್ಕ ಕಾಗದಪತ್ರ ಮಾಡಿಸಿ ನಮ್ಮನ್ನು ಕರೆಸಿಕೊಂಡಳು. ಮೌಂಟನ್ ವ್ಯೂನಲ್ಲಿ ಒಂದು ಅಪಾರ್ಟ್‌ಮೆಂಟು, ಒಂದು ಮೆಷಿನ್ ಶಾಪಿನಲ್ಲಿ ಕೆಲಸ. ಲೋಹದ ತಗಡಿನಲ್ಲಿ ತೂತು ಕೊರೆಯುವುದು ನನ್ನ ಕೆಲಸ. ಸಂಜೆ ವಯಸ್ಕರ ಶಾಲೆ.

ದಶಕ ಮುಗಿಯುತ್ತ ಬರುವಾಗ ನಾನೂ ಗಿರಿಜಳೂ ಇಲ್ಲಿಯ ಪ್ರಜೆಗಳಾದೆವು. ಮರುವರ್ಷವೇ ಅಧ್ಯಕ್ಷರ ಚುನಾವಣೆ. ನನಗೆ ನಲವತ್ತನಾಲ್ಕು, ಅಲ್ಲಿಯವರೆಗೆ ಒಂದು ಓಟೂ ಹಾಕಿದವನಲ್ಲ. ಹಾಕಲು ಹೋಗಿರಲಿಲ್ಲ ಎಂದಲ್ಲ. ಬೀರೂರಿನಲ್ಲಿ ಮೊದಲ ಸಲ ಇಸ್ತ್ರಿ ಅಂಗಿ ಹಾಕಿಕೊಂಡು ಹೋದಾಗ ಪಟ್ಟಿ ನೋಡಿದವರು, "ನಿಮ್ದು ಬೆಳಗ್ಗೇನೇ ಬಿತ್ತಲ್ಲ" ಎಂದರು. ನಾನು ಈಗ ತಾನೇ ಬರುತ್ತಿದ್ದೇನೆ ಎಂದೆ. "ಬಿದ್ದಾಯ್ತು ಹೋಗಪ್ಪ, ಒಳ್ಳೇರಿಗೇ ಬಿದ್ದಿರುತ್ತೆ" ಎಂದು ಸಮಾಧಾನ ಮಾಡಿ ಕಳಿಸಿದರು. ಹಾಗಾಗಿ ಈ ಸಲ ನನಗೆ ಒಂದೇ ಒಂದು ಆಸೆ ಇತ್ತು. ನಾನೇ ಓದಿ, ನಾನೇ ಯೋಚಿಸಿ, ನಾನೇ ಆರಿಸಿದ ಒಬ್ಬ ಮನುಷ್ಯನಿಗೆ ನನ್ನ ಕೈಯಾರೆ ಒಂದು ಓಟು ಹಾಕಬೇಕು.

ನಾನು ಹೆಸರು ಬರೆಸಿದ ಪಕ್ಷದಲ್ಲಿ ಅಭ್ಯರ್ಥಿಯಾಗಲು ನಿಂತಿದ್ದವರು ಏಳು ಜನ. ನಮ್ಮ ಕಡೆ ಆದರೆ ದೆಹಲಿಯಲ್ಲಿ ಯಾರೋ ನಾಲ್ವರು ಕೂತು ಒಬ್ಬರ ಹೆಸರು ಹೇಳುತ್ತಾರೆ, ಮಿಕ್ಕವರು ಹಾರ ಹಿಡಿದು ನಿಲ್ಲುತ್ತಾರೆ. ಇಲ್ಲಿ ಯಾರು ಎಂಬುದನ್ನು ಜನರೇ ಮೊದಲು ಓಟು ಹಾಕಿ ತೀರ್ಮಾನ ಮಾಡಬೇಕು. ಇದು ನನಗೆ ಬಹಳ ಹಿಡಿಸಿತು. ಒಂದು ನೋಟುಬುಕ್ಕಿನಲ್ಲಿ ತಲೆಗೊಂದು ಪುಟದಂತೆ ಏಳು ಪುಟ ಮಾಡಿದೆ. ಟೈಪಿಂಗ್ ಕ್ಲಾಸಿನ ಅಭ್ಯಾಸವೂ ಆಗಲಿ ಎಂದು ಏಳು ಜನಕ್ಕೂ ಒಂದೊಂದು ಪತ್ರ ಹೊಡೆದೆ. ಒಂದು ಪತ್ರಕ್ಕೆ ಒಂದು ಸಂಜೆ. ಅದರಲ್ಲಿ ಒಂದೇ ಪ್ರಶ್ನೆ: ನನ್ನ ಹಾಗೆ ತಡವಾಗಿ ಓದುವವರ ಸಂಜೆಶಾಲೆಗಳನ್ನು ತಾವು ಉಳಿಸುತ್ತೀರಾ? ಹೌದು ಅಥವಾ ಇಲ್ಲ ಎಂದು ದಯವಿಟ್ಟು ತಿಳಿಸಬೇಕು.

ಏಳು ಜನರಲ್ಲಿ ಒಬ್ಬರನ್ನು ಟೀವಿಯಲ್ಲಿ ಕಂಡ ಕೂಡಲೇ ಒಳ್ಳೆಯವರು ಅನ್ನಿಸಿತ್ತು. ಎದುರಿನವನು ಮಾತಾಡುವಾಗ ಬಾಯಿ ಹಾಕುತ್ತಿರಲಿಲ್ಲ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಅವರಿಗೆ ಮೇಷ್ಟ್ರು ಎಂದೇ ಹೆಸರಾಯಿತು.

ಫೆಬ್ರುವರಿಯ ಒಂದು ಭಾನುವಾರ ಟೀವಿಯಲ್ಲಿ, ನಾಳೆಯಿಂದ ಮತದಾನ ಶುರು ಎಂದರು. ಸೋಮವಾರ ಮೆಷಿನ್ ಶಾಪಿಗೆ ಅರ್ಧ ದಿನ ರಜಾ ಹಾಕಿದೆ. ಪ್ರಜೆಯಾಗುವಾಗ ಹೊಲಿಸಿದ್ದ ಸೂಟು ಹಾಕಿಕೊಂಡೆ. ಗಿರಿಜ ರೇಷ್ಮೆ ಸೀರೆ ಉಟ್ಟಳು. ಓಟು ಅಂದರೆ ಸ್ಕೂಲಿನಲ್ಲೇ ತಾನೇ, ಇಬ್ಬರೂ ಹತ್ತಿರದ ಶಾಲೆಗೆ ನಡೆದೇ ಹೋದೆವು. ಆಫೀಸಿನಲ್ಲಿದ್ದ ಹೆಂಗಸು ಬಹಳ ಮರ್ಯಾದೆಯಿಂದ, ತಾವು ಯಾವ ಮಗುವಿನ ತಂದೆತಾಯಿ ಎಂದು ಕೇಳಿದಳು. ಓಟು ಹಾಕಲು ಬಂದಿದ್ದೇವೆ ಎಂದೆ. ಆಕೆ ಕ್ಯಾಲೆಂಡರನ್ನು ಒಂದು ಹಾಳೆ ತಿರುವಿದಳು, ಇನ್ನೊಂದು ತಿರುವಿದಳು, ತಿರುವುತ್ತಲೇ ಹೋಗಿ, "ಜೂನ್" ಎಂದಳು.

ಮನೆಗೆ ಬಂದಾಗ ಹನ್ನೆರಡು ವರ್ಷದ ಮಗಳು ಉಮಾ ನಮ್ಮ ವೇಷ ನೋಡಿ ಸೋಫಾದಲ್ಲಿ ಬಿದ್ದು ನಕ್ಕಳು.

"ಅಪ್ಪಾ, ಇವತ್ತು ಓನ್ಲಿ ಅಯೋವಾ. ಯೂ ಡೋಂಟ್ ಲಿವ್ ಇನ್ ಅಯೋವಾ."

"ದೇಶ ಒಂದೇ ಅಲ್ವೇನೇ?"

"ಬಟ್ ಎವ್ರಿ ಸ್ಟೇಟ್ ಡಿಫರೆಂಟ್ ಡೇ, ಅಪ್ಪಾ. ವೀ ಆರ್ ಲಾಸ್ಟ್."

"ಅಷ್ಟೊತ್ತಿಗೆ ಏಳು ಜನಾನೂ ಇರ್ತಾರೇನೇ?" ಎಂದು ಕೇಳಿದವಳು ಗಿರಿಜ, ಸೀರೆಯ ಪಿನ್ನು ಬಿಚ್ಚುತ್ತ.

ಆ ಪ್ರಶ್ನೆ ಕೇಳಿದ ಕೂಡಲೇ ನನಗೆ ಎಲ್ಲ ಅರ್ಥವಾಯಿತು. ಇದು ಪಂಕ್ತಿ ಊಟ. ಚಪ್ಪರ ಹಾಕಿದವರು ಯಾವ ಮದುವೆಯಲ್ಲೂ ಮೊದಲ ಪಂಕ್ತಿಯಲ್ಲಿ ಕೂರುವುದಿಲ್ಲ. ಮೊದಲ ಪಂಕ್ತಿ ಎಂದರೆ ಬೀಗರ ಕಡೆಯ ಹತ್ತು ಹನ್ನೆರಡು ಹಿರಿಯರು. ಅವರಲ್ಲೊಬ್ಬರು ಪಲ್ಯ ಬಾಯಿಗಿಟ್ಟು, "ಉಪ್ಪು ಒಂಚೂರು ಮುಂದಾಯ್ತು" ಎಂದರೆ ಮುಗಿಯಿತು, ಆ ಪಲ್ಯವನ್ನು ಬಡಿಸುವವರು ಎರಡನೇ ಪಂಕ್ತಿಗೆ ಧೈರ್ಯವಾಗಿ ತರುವುದಿಲ್ಲ. ಪಲ್ಯ ನಿಜವಾಗಿ ಹೇಗಿತ್ತೋ ಯಾರಿಗೂ ಗೊತ್ತಾಗುವುದಿಲ್ಲ. ಮೂರನೆಯದು ದೊಡ್ಡ ಪಂಕ್ತಿ, ಊರಿಗೆ ಊರೇ ಕೂರುತ್ತದೆ, ಹೋಳಿಗೆಯ ಬುಟ್ಟಿ ಅಲ್ಲೇ ಬರಿದಾಗುತ್ತದೆ. ಕಡೆಗೆ ನಾವು ಎಲೆ ಹಾಕಿಕೊಂಡು ಕೂತಾಗ ಅನ್ನ ಇರುತ್ತದೆ, ಸಾರು ಇರುತ್ತದೆ, "ಹೋಳಿಗೆ ಇತ್ತು ಕಣ್ರಪ್ಪ, ತುಂಬಾ ಚೆನ್ನಾಗಿತ್ತು" ಎನ್ನುವ ಮಾತು ಇರುತ್ತದೆ. ವಿಚಿತ್ರವೆಂದರೆ ಈ ದೇಶದಲ್ಲಿ ಎಲ್ಲಕ್ಕಿಂತ ಹೆಚ್ಚು ಜನರಿರುವ ನಮ್ಮ ಕ್ಯಾಲಿಫೋರ್ನಿಯವೇ ಚಪ್ಪರದವರ ಜೊತೆ ಕೂತಿತ್ತು.

ಅದೇ ವಾರ ಸಂಜೆಶಾಲೆಯಲ್ಲಿ ನಮ್ಮ ಟೀಚರು ಮಿಸೆಸ್ ಹಾರ್ಪರ್, ಅಯೋವಾದಲ್ಲಿ ನಡೆದದ್ದನ್ನು ನಮ್ಮಿಂದಲೇ ಮಾಡಿಸಿ ತೋರಿಸಿದರು. ಅಲ್ಲಿ ಗುಟ್ಟಿನ ಓಟಿಲ್ಲವಂತೆ. ಒಂದು ಕೋಣೆಯಲ್ಲಿ ಸೇರಿ, ಯಾರಿಗೆ ಯಾರು ಬೇಕೋ ಅವರ ಮೂಲೆಗೆ ಹೋಗಿ ನಿಲ್ಲಬೇಕು. ಸಾಕಷ್ಟು ಜನರಿಲ್ಲದ ಮೂಲೆಯವರು ಅದನ್ನು ಬಿಟ್ಟು ಬೇರೆ ಮೂಲೆ ಸೇರಬೇಕು. ನಾವು ಇಪ್ಪತ್ತು ಜನ ಎದ್ದೆವು. ನಾನು ಮೇಷ್ಟ್ರ ಮೂಲೆಗೆ ಹೋಗಿ ತಿರುಗಿ ನೋಡಿದರೆ ನಾನೊಬ್ಬನೇ. ಪಕ್ಕದಲ್ಲಿ ಒಂದು ಕಸದ ಡಬ್ಬಿ ಇತ್ತು.

"ರುದ್ರಪ್ಪಾ, ನೀನೀಗ ಆ ಮೂಲೆ ಬಿಡಬೇಕು" ಎಂದರು ಮಿಸೆಸ್ ಹಾರ್ಪರ್ ಇಂಗ್ಲಿಷಿನಲ್ಲಿ.

"ಇನ್ನೂ ಯಾರಾದರೂ ಬರಬಹುದು, ಮೇಡಂ."

"ಕ್ಲಾಸಿನಲ್ಲಿ ಇರುವುದು ಇಷ್ಟೇ ಜನ."

ಎದುರು ಮೂಲೆಯಿಂದ ವಿಯೆಟ್ನಾಮಿನ ಟೈಲರೊಬ್ಬ ಕೈಬೀಸಿ ಕರೆದ. ಅವನ ಅಭ್ಯರ್ಥಿಯ ಗುಣಗಳನ್ನೇನೂ ಹೇಳಲಿಲ್ಲ. "ಬಾ, ಇಲ್ಲಿ ಹೀಟರ್ ಇದೆ" ಎಂದ ಅಷ್ಟೆ. ಅದೊಂದು ಮಾತಿಗೆ ಇನ್ನೊಂದು ಮೂಲೆಯಿಂದ ಇಬ್ಬರು ಆಗಲೇ ಅತ್ತ ಹೋಗಿದ್ದರು. ಬೆಲ್ಲು ಹೊಡೆಯುವವರೆಗೆ ನಾನು ಕಸದ ಡಬ್ಬಿಯ ಪಕ್ಕದಲ್ಲೇ ನಿಂತಿದ್ದೆ. ಹಟಕ್ಕಲ್ಲ. ಜೀವನದಲ್ಲಿ ಮೊದಲನೇ ಸಲ ಒಬ್ಬರನ್ನು ಆರಿಸಿದ್ದೇನೆ, ಕಾಲು ಗಂಟೆಗೆ ಬಿಟ್ಟುಬಿಡುವುದು ಹೇಗೆ ಎಂದು ತಿಳಿಯಲಿಲ್ಲ.

ಆಮೇಲೆ ಟೀವಿಯಲ್ಲಿ ಒಬ್ಬೊಬ್ಬರೇ ಎಲೆ ಬಿಟ್ಟು ಏಳತೊಡಗಿದರು. ಅಯೋವಾ, ಅದರ ಮರುವಾರ ನ್ಯೂ ಹ್ಯಾಂಪ್‌ಷೈರು, ಎರಡೂ ಸಣ್ಣ ಊರಿನಂಥ ರಾಜ್ಯಗಳು. ಅಲ್ಲಿ ಹಿಂದೆ ಬಿದ್ದವರನ್ನು ಪೇಪರಿನವರು ಮಾತಾಡಿಸುವುದನ್ನು ಬಿಟ್ಟರು, ಪೇಪರಿನವರು ಬಿಟ್ಟವರ ಸಭೆಗೆ ಜನ ಬರುವುದನ್ನು ಬಿಟ್ಟರು. ಸೋತರು ಎಂದು ಯಾರೂ ಹೇಳಿಕೊಳ್ಳುತ್ತಿರಲಿಲ್ಲ. ಹೆಂಡತಿ ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಪ್ರಚಾರವನ್ನು ಸ್ವಲ್ಪ ನಿಲ್ಲಿಸಿದ್ದೇನೆ ಎನ್ನುತ್ತಿದ್ದರು, ಬಸ್ಸು ನಿಲ್ಲಿಸಿದ ಹಾಗೆ. ಮಾರ್ಚಿನಲ್ಲಿ ದೊಡ್ಡ ಪಂಕ್ತಿ ಕೂತಿತು. ಒಂದೇ ಮಂಗಳವಾರ ರಾಶಿ ರಾಜ್ಯಗಳು, ಹೆಚ್ಚಿನವು ದಕ್ಷಿಣದವು. ಅದಕ್ಕೆ ಸೂಪರ್ ಟ್ಯೂಸ್‌ಡೇ ಎನ್ನುತ್ತಿದ್ದರು. ಒಂದು ದಿನದಲ್ಲಿ ಅಷ್ಟು ರಾಜ್ಯ ಸುತ್ತಲು ಮನುಷ್ಯನಿಗೆ ವಿಮಾನ ಬೇಕು, ಮೇಷ್ಟ್ರಿಗೆ ಇದ್ದದ್ದು ಒಂದು ವ್ಯಾನು. ಆ ವಾರದ ಕೊನೆಗೆ ಅವರೂ ಹೆಂಡತಿಯ ಪಕ್ಕ ನಿಂತು, ಸ್ವಲ್ಪ ನಿಲ್ಲಿಸಿದ್ದೇನೆ ಎಂದರು. ಗಿರಿಜ ನನ್ನ ತಟ್ಟೆಗೆ ಇನ್ನೊಂದು ಚಪಾತಿ ಹಾಕಿದಳು.

ಒಂದು ವಾರ ದುಃಖಪಟ್ಟು, ನೋಟುಬುಕ್ಕು ತಿರುವಿ, ಉಳಿದವರಲ್ಲಿ ಎತ್ತರದವರೊಬ್ಬರನ್ನು ಮೆಚ್ಚಿದೆ. ಅವರು ಎರಡು ವಾರಕ್ಕೆ ಹೋದರು.

ಈಗ ನಮ್ಮ ಭಾವನವರ ಮಾತು ಬರಬೇಕು. ಅಕ್ಕನ ಗಂಡ, ಮೈಸೂರಿನವರು, ಎಂಜಿನಿಯರು. ಭಾನುವಾರ ಕ್ಯಾಂಪ್‌ಬೆಲ್ಲಿಗೆ ಊಟಕ್ಕೆ ಹೋದರೆ ಸಾರು ಬರುವುದರೊಳಗೆ ಅಮೆರಿಕದ ರಾಜಕೀಯವನ್ನೆಲ್ಲ ಬಡಿಸಿ ಮುಗಿಸುತ್ತಿದ್ದರು. ಅವರು ಹಿಡಿದಿದ್ದದ್ದು ಎಲ್ಲರಿಗಿಂತ ಮುಂದಿದ್ದ ಅಭ್ಯರ್ಥಿಯನ್ನು. ಎತ್ತರದವರು ಸ್ಪರ್ಧೆ ಬಿಟ್ಟ ವಾರ ನಾನು ಬಾಗಿಲಲ್ಲಿ ಬೂಟು ಬಿಚ್ಚುವಾಗಲೇ ಹಿಡಿದುಕೊಂಡರು.

"ಲೋ ರುದ್ರ, ಮುಂದೆ ಯಾರನ್ನ ಹಿಡಿಯೋನಿದೀಯ?"

"ಉಳಿದಿರೋದೇ ಇಬ್ಬರು, ಭಾವ. ನಿಮ್ಮೋರು ಹೇಗೆ ಅಂತ ನೋಡ್ತಿದೀನಿ."

"ಬೇಡ ಕಣಪ್ಪ. ದಮ್ಮಯ್ಯ ಅಂತೀನಿ. ನಿನ್ನ ಕಾಲ್ಗುಣ ನೋಡಿದೀನಿ. ಆಯಪ್ಪ ಟೀವೀಲಿ ಬಂದ್ರೆ ಎದ್ದು ಆಚೆ ಹೋಗು."

"ಬೈಕೊಂಡ್ರೆ ಪರವಾಗಿಲ್ವಾ?"

"ಬೈಕೋ. ದಿನಾ ಬೈಕೋ. ಪುಣ್ಯ ಬರುತ್ತೆ ನಿಂಗೆ."

ಎಂಜಿನಿಯರು ಇಂಥದ್ದನ್ನೆಲ್ಲ ನಂಬುವುದಿಲ್ಲ ಎಂದುಕೊಂಡಿದ್ದೆ. ಅವರು ತಮಾಷೆ ಮಾಡುತ್ತಿರಲಿಲ್ಲ. ಆ ಮೇಲಿನ ಭಾನುವಾರಗಳಲ್ಲಿ ಟೀವಿ ಹಾಕುವ ಮುಂಚೆ ನನ್ನನ್ನು ಮೊಸರಿಗೋ ಕೊತ್ತಂಬರಿಗೋ ಅಂಗಡಿಗೆ ಕಳಿಸುತ್ತಿದ್ದರು. ಅವರ ಫ್ರಿಜ್ಜಿನಲ್ಲಿ ಮೊಸರಿನ ಡಬ್ಬಿಗಳು ತುಂಬಿಹೋದವು.

ಮೇ ತಿಂಗಳಲ್ಲಿ ಎರಡು ಅಂಚೆ ಬಂದವು. ಮೊದಲನೆಯದು ಮೇಷ್ಟ್ರಿಂದ. ಮಿಕ್ಕ ಆರು ಜನರಲ್ಲಿ ಇಬ್ಬರ ಕಚೇರಿಯಿಂದ ಚಂದಾ ಕೇಳುವ ಅಚ್ಚಿನ ಕಾಗದ ಬಂದಿತ್ತು, ಉಳಿದವರಿಂದ ಅದೂ ಇಲ್ಲ. ಇದು ಹಾಗಲ್ಲ. ನಾಲ್ಕೇ ಸಾಲು, ನೀಲಿ ಶಾಯಿಯಲ್ಲಿ ಕೈಬರಹ. ನಿಮ್ಮ ಪತ್ರ ಚೀಲವೊಂದರ ತಳದಲ್ಲಿ ಉಳಿದಿತ್ತು, ತಡವಾದದ್ದಕ್ಕೆ ಕ್ಷಮಿಸಬೇಕು. ನಾನೀಗ ಅಭ್ಯರ್ಥಿಯಲ್ಲ ಎಂದು ನಿಮಗೆ ತಿಳಿದಿರಬಹುದು. ಆದರೂ ನೀವು ಪ್ರಶ್ನೆ ಕೇಳಿದ್ದೀರಿ. ಉತ್ತರ, ಹೌದು.

ಅದನ್ನು ಮಡಿಸಿ ನೋಟುಬುಕ್ಕಿನಲ್ಲಿ ಮೇಷ್ಟ್ರ ಪುಟಕ್ಕೆ ಸಿಕ್ಕಿಸಿದೆ. ಇನ್ನು ಓಟು ಬೇಡದ ಮನುಷ್ಯ ಓಟುದಾರನಿಗೆ ಉತ್ತರ ಬರೆದದ್ದನ್ನು ನಾನು ಕೇಳಿದ್ದೂ ಇಲ್ಲ, ಕಂಡದ್ದೂ ಇಲ್ಲ.

ಎರಡನೆಯ ಅಂಚೆ ಸರ್ಕಾರದ್ದು, ಮಾದರಿ ಮತಪತ್ರ. ತೆರೆದು ನೋಡಿದರೆ ಉಳಿದ ಇಬ್ಬರ ಹೆಸರಿನ ಜೊತೆಗೆ ಮೇಷ್ಟ್ರ ಹೆಸರೂ ಇತ್ತು. ಮಿಸೆಸ್ ಹಾರ್ಪರರನ್ನು ಕೇಳಿದೆ. ಕೆಲವರ ಹೆಸರು ತೆಗೆಯುವುದರೊಳಗೆ ಪಟ್ಟಿ ಅಚ್ಚಿಗೆ ಹೋಗಿರುತ್ತದೆ, ಓಟು ಹಾಕಿದರೆ ಲೆಕ್ಕಕ್ಕೆ ಬರುತ್ತದೆ, ಗೆಲ್ಲುವುದಿಲ್ಲ ಅಷ್ಟೆ ಎಂದರು.

ಆ ಭಾನುವಾರ ಮಾದರಿ ಪತ್ರ ಹಿಡಿದುಕೊಂಡೇ ಕ್ಯಾಂಪ್‌ಬೆಲ್ಲಿಗೆ ಹೋದೆ.

"ತಲೆ ನೆಟ್ಟಗಿದೆಯೇನಯ್ಯ?" ಎಂದರು ಭಾವ. "ನಲವತ್ನಾಕು ವರ್ಷಕ್ಕೆ ಒಂದು ಓಟು ಸಿಕ್ಕಿದೆ. ಅದನ್ನ ಅಂಗಡಿ ಮುಚ್ಚಿದೋನಿಗೆ ಹಾಕ್ತೀನಿ ಅಂತೀಯಲ್ಲ. ವೇಸ್ಟು."

"ಗೆಲ್ಲೋರಿಗೆ ನನ್ನ ಓಟು ಬೇಕಾಗಿಲ್ವಲ್ಲ, ಭಾವ."

"ಅಂದ್ರೆ ನನ್ನ ಕ್ಯಾಂಡಿಡೇಟಿಗೆ ಹಾಕಲ್ಲ."

"ನೀವೇ ತಾನೆ ಅವರ ಕಡೆ ನೋಡ್ಬೇಡ ಅಂದಿದ್ದು."

"ಮೆಚ್ಚದೇ ಓಟು ಹಾಕಕ್ಕಾಗಲ್ವೇನೋ? ಕೋಟ್ಯಂತರ ಜನ ಹಾಕ್ತಾರೆ" ಎಂದರು ಭಾವ.

"ನೀವೂ ಹಾಗೇ ಹಾಕ್ತಿದೀರಾ?"

ಒಳಗಿನಿಂದ ಅಕ್ಕನ ದನಿ ಬಂತು. "ಅವರೆಲ್ಲಿ ಹಾಕ್ತಾರೋ. ಯಾವ ಪಾರ್ಟಿಗೂ ಹೆಸರು ಬರ್ಸಿಲ್ಲ. ಈ ಓಟು ಅವರಿಗೆ ಇಲ್ಲವೇ ಇಲ್ಲ."

"ನಾನು ಇಂಡಿಪೆಂಡೆಂಟು" ಎಂದು ಭಾವ ಮೊಸರು ಕಲಸಿಕೊಂಡರು.

ವಾಪಸು ಬರುವಾಗ ಕಾರಿನಲ್ಲಿ ಗಿರಿಜಳನ್ನು ಕೇಳಿದೆ. ನಾನು ಮಾಡುತ್ತಿರುವುದು ಹುಚ್ಚೋ ಹೇಗೆ.

"ಹುಚ್ಚೇ. ಆದ್ರೆ ನಿಮ್ಮ ಓಟು, ನಿಮ್ಮ ಹುಚ್ಚು. ನಾನಂತೂ ಗೆಲ್ಲೋರಿಗೇ ಹಾಕೋಳು. ಸೀರೆ ಉಟ್ಕೊಂಡು ಹೋಗಿ ಯಾಕೆ ಸೋಲ್ಬೇಕು?"

ಜೂನಿನ ಆ ಮಂಗಳವಾರ ಮತಗಟ್ಟೆ ಇದ್ದದ್ದು ಎರಡು ಬೀದಿ ಆಚೆಯ ಒಂದು ಮನೆಯ ಗ್ಯಾರೇಜಿನಲ್ಲಿ. ಒಂದು ಕಡೆ ವಾಷಿಂಗ್ ಮೆಷಿನ್ನು, ಗೋಡೆಗೆ ನೇತುಹಾಕಿದ ಸೈಕಲ್ಲು. ಮೇಜಿನ ಹಿಂದೆ ಮೂವರು ಅಜ್ಜಿಯರು ಸ್ವೆಟರ್ ಹೆಣೆಯುತ್ತ, ಪಟ್ಟಿ ನೋಡುತ್ತ ಕೂತಿದ್ದರು. ಒಬ್ಬರು ನನ್ನ ಹೆಸರು ಹುಡುಕಲು ಬೆರಳನ್ನು ಪಟ್ಟಿಯ ಮೇಲಿನಿಂದ ಕೆಳಕ್ಕೆ ಇಳಿಸುವಾಗ ನನಗೆ ಬೀರೂರು ನೆನಪಾಯಿತು. ಬೆಳಗ್ಗೆಯೇ ಬಿತ್ತಲ್ಲ ಎಂದರೆ ಏನು ಮಾಡುವುದು? ಅವರು ತಲೆ ಎತ್ತಿ, ಇಲ್ಲಿ ಸಹಿ ಮಾಡಪ್ಪ ಎಂಬಂತೆ ಪೆನ್ನು ಕೊಟ್ಟರು.

ಆಗಿನ ಓಟು ಎಂದರೆ ಒಂದು ರಟ್ಟಿನ ಕಾರ್ಡು. ಅದನ್ನು ಒಂದು ಹಲಗೆಗೆ ಸಿಕ್ಕಿಸಿ, ಬೇಕಾದ ಹೆಸರಿನ ಪಕ್ಕ ಸೂಜಿಯಂಥ ಕಡ್ಡಿಯಿಂದ ಚುಚ್ಚಿ ತೂತು ಮಾಡಬೇಕು. ಅಮೆರಿಕದಲ್ಲಿ ಯಾರೂ ಹೇಳಿಕೊಡದೆ ನನಗೆ ಬರುವ ಕೆಲಸವೊಂದಿದ್ದರೆ ಅದು ತೂತು ಹಾಕುವುದು. ಕಡ್ಡಿಯನ್ನು ನೆಟ್ಟಗೆ ಹಿಡಿದು, ಮೇಷ್ಟ್ರ ಹೆಸರಿನ ಪಕ್ಕ ಒಂದೇ ಸಲಕ್ಕೆ ಒತ್ತಿದೆ. ಆಮೇಲೆ ಅಭ್ಯಾಸಬಲದಿಂದ ಕಾರ್ಡನ್ನು ಹೊರತೆಗೆದು, ಬೆಳಕಿಗೆ ಹಿಡಿದು, ಅಂಚು ಚೊಕ್ಕವಾಗಿದೆಯೇ ಎಂದು ಪರೀಕ್ಷಿಸಿದೆ. ಮೂವರು ಅಜ್ಜಿಯರೂ ಒಟ್ಟಿಗೆ ಕಣ್ಣುಮುಚ್ಚಿಕೊಂಡು, "ನಮಗೆ ತೋರಿಸಬೇಡ, ತೋರಿಸಬೇಡ" ಎಂದರು.

ಅಂದು ಸಂಜೆ ಭಾವನವರ ಅಭ್ಯರ್ಥಿ ಗೆದ್ದರು. ಗಿರಿಜಳೂ ಗೆದ್ದಳು, ನಾಲ್ಕು ದಿನ ಅದೇ ಗತ್ತಿನಲ್ಲಿ ಓಡಾಡಿದಳು. ನಾನು ಪೇಪರು ನೋಡಿದೆ, ಮೇಷ್ಟ್ರ ಹೆಸರನ್ನು ಎಲ್ಲೋ ಕೆಳಗೆ ಸಣ್ಣ ಅಕ್ಷರದಲ್ಲಿ ಹಾಕಿದ್ದರು. ಅದರಲ್ಲಿ ನನ್ನದು ಸೇರಿದೆಯೋ ಇಲ್ಲವೋ ಹೇಗೆ ಗೊತ್ತಾಗಬೇಕು? ಓಟು ಹಾಕಿದ ಮೇಲೂ ಹಾಕಿದಂತೆ ಅನ್ನಿಸಲಿಲ್ಲ.

ಕೆಲವು ವಾರದ ಮೇಲೆ ಮಿಸೆಸ್ ಹಾರ್ಪರ್, ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಬಿತ್ತೆಂಬ ಪಟ್ಟಿಯನ್ನು ಲೈಬ್ರರಿಯಲ್ಲಿ ಇಡುತ್ತಾರೆ ಎಂದರು. ಶನಿವಾರವೇ ಹೋದೆ. ಇಟ್ಟಿಗೆಯಂಥ ಪುಸ್ತಕ. ಆ ಗ್ಯಾರೇಜಿನ ನಂಬರು ಹುಡುಕಿ, ಸಾಲಿನ ಕೆಳಗೆ ಕರ್ಚೀಫಿನ ಅಂಚು ಇಟ್ಟುಕೊಂಡು ಓದಿದೆ. ಮೇಷ್ಟ್ರ ಹೆಸರಿನ ಕೆಳಗೆ ಎರಡು ಎಂದಿತ್ತು.

ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದೆ. ಎರಡೇ.

ಮನೆಗೆ ಬಂದವನೇ ಗಿರಿಜಳ ಮುಂದೆ ನಿಂತು, "ನಿಜ ಹೇಳೇ, ನೀನೂ ಮೇಷ್ಟ್ರಿಗೇ ಹಾಕಿದ್ದು ತಾನೇ?" ಎಂದೆ.

ಅವಳು ಬೀನ್ಸಿನ ನಾರು ತೆಗೆಯುತ್ತಿದ್ದಳು. "ನಾನ್ಯಾಕ್ರೀ ಹಾಕ್ಲಿ? ದೇವರಾಣೆ ಇಲ್ಲ. ನಾನು ಗೆದ್ದಿದೀನಿ."

"ಹಾಗಾದ್ರೆ ಇನ್ನೊಂದು ಯಾರದು?"

"ನಂಗೇನು ಗೊತ್ತು? ನಿಮ್ಮಂಥೋರು ಇನ್ನೊಬ್ರು ಇದಾರೆ ಬಿಡಿ ಊರಲ್ಲಿ. ಅವರ ಹೆಂಡ್ತೀನ ಒಂದ್ಸಲ ಕರ್ಕೊಂಬನ್ನಿ, ಕೂತು ಮಾತಾಡ್ಬೇಕು."

ಆ ಸಂಜೆ ವಾಕಿಂಗ್ ಹೋದಾಗ ನಮ್ಮ ಬೀದಿ ಬೇರೆಯಾಗಿ ಕಂಡಿತು. ಆರು ವರ್ಷದಿಂದ ಅದೇ ಬೀದಿಯಲ್ಲಿ ತಲೆ ತಗ್ಗಿಸಿಕೊಂಡು ಓಡಾಡಿದವನು ನಾನು, ನನ್ನ ಇಂಗ್ಲಿಷಿಗೆ ಹೆದರಿ. ಈಗ ಪ್ರತಿ ಮನೆಯ ಕಿಟಕಿ ನೋಡುತ್ತ ನಡೆದೆ. ಮೂಲೆಮನೆಯ ಮುದುಕರು, ನಾಯಿ ಹಿಡಿದುಕೊಂಡು ಹೋಗುವ ನರ್ಸಮ್ಮ, ದಿನಾ ಕಾರು ತೊಳೆಯುವ ಮನುಷ್ಯ, ಇವರಲ್ಲಿ ಯಾರೋ ಒಬ್ಬರು, ಎಲ್ಲ ಮುಗಿದ ಮೇಲೆ ಆ ಗ್ಯಾರೇಜಿಗೆ ಹೋಗಿ ಅದೇ ಹೆಸರಿನ ಪಕ್ಕ ಚುಚ್ಚಿ ಬಂದಿದ್ದರು. ಯಾರು ಎಂದು ಕೇಳುವಂತಿಲ್ಲ, ಓಟು ಗುಟ್ಟು. ಕಾರು ತೊಳೆಯುವವರ ಎದುರು ಬಂದಾಗ ನಿಂತು, ಇರಲಿ ಎಂದು, "ಗುಡ್ ಈವ್ನಿಂಗ್" ಎಂದೆ. ಅವರು ನೀರಿನ ಪೈಪು ಪಕ್ಕಕ್ಕೆ ಹಿಡಿದು, ಇಷ್ಟು ವರ್ಷ ಎಲ್ಲಿದ್ದಿರಿ ಎನ್ನುವಂತೆ ನನ್ನ ಹೆಸರು ಕೇಳಿದರು. ನರ್ಸಮ್ಮನಿಗೂ ಗುಡ್ ಈವ್ನಿಂಗ್ ಹೇಳಿದೆ. ಮೂಲೆಮನೆಯ ಮುದುಕರಿಗೆ ಕಿವಿ ಕೇಳಿಸದು, ಅವರಿಗೆ ಎರಡು ಸಲ ಹೇಳಿದೆ.